ತೊಟ್ಟಿಲ ಕೆಳಗಿನ ದನಿ

ಆ ವರ್ಷ ಕಾಲುವೆಗೆ ನೀರು ಬಿಟ್ಟದ್ದು ಆಷಾಢದ ಕೊನೆಗೋ ಶ್ರಾವಣದ ಮೊದಲಿಗೋ, ನನಗೆ ಈಗ ಖಾತ್ರಿಯಿಲ್ಲ. ತಮ್ಮನ ಸ್ಟುಡಿಯೊಗೆ ನಾನು ಎಷ್ಟು ಭಾನುವಾರ ಹೋದೆ, ಅಲ್ಲಿ ಯಾವ ಮಾತು ಯಾವ ದಿನ ಆಯಿತು ಎನ್ನುವುದೂ ಕಲಸಿಹೋಗಿದೆ. ಮಸ್ಕಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ಕಣ್ಣಾರೆ ಕಂಡೆ ಎನ್ನುವವರನ್ನೂ ಎರಡು ಸಲ ಕೇಳಿ ನೋಡಬೇಕು ಎಂದು ಹುಡುಗರಿಗೆ ಹೇಳುತ್ತೇನೆ. ನಾನು ದಿನಚರಿ ಬರೆಯುತ್ತೇನೆ, ಆದರೆ ಆ ಭಾನುವಾರಗಳ ಪುಟಗಳಲ್ಲಿ ಗಂಟಲು ಕಟ್ಟಿತ್ತು, ಬಸ್ಸು ತಡವಾಯಿತು ಎಂಬಂಥ ಮಾತುಗಳೇ ಇವೆ. ಆದ್ದರಿಂದ ಸಣ್ಣಪುಟ್ಟ ವಿವರಗಳಲ್ಲಿ ನನ್ನನ್ನು ಪೂರಾ ನಂಬಬೇಕಿಲ್ಲ.

ಕಳೆದ ವಾರ ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬೇಯುತ್ತಿರುವ ನೆಲ್ಲಿನ ವಾಸನೆ ಒಳಗೆ ಬಂತು. ಅಕ್ಕಿ ಗಿರಣಿಗಳ ಊರು ಅದು. ಅಲ್ಲಿಯವರಿಗೆ ಆ ವಾಸನೆ ಗಮನಕ್ಕೂ ಬರುವುದಿಲ್ಲ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕ್ರೀ, ವಾಂತಿ ಬರಾಕತ್ತೈತೇನು? ಕಿಟಕಿ ಕಡೀಗಿ ಮಾರಿ ಮಾಡ್ರಿ, ಹೊಸಾ ಸೀರಿ ಐತಿ ನಂದು" ಎಂದು ಸೆರಗನ್ನು ಆಚೆಗೆ ಎಳೆದುಕೊಂಡಳು.

ಆ ಮಳೆಗಾಲದಲ್ಲಿ ನನ್ನ ಒಬ್ಬನೇ ತಮ್ಮ ಶರಣು ಅಂಥದೇ ಒಂದು ಗಿರಣಿಯ ಹಿಂದಿನ ಓಣಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ, ಹಾಡು ರೆಕಾರ್ಡು ಮಾಡುವ ಸ್ಟುಡಿಯೊ ಇಟ್ಟುಕೊಂಡಿದ್ದ. ಗೋಡೆಗಳಿಗೆ ಗೋಣಿತಟ್ಟು, ಅದರ ಮೇಲೆ ಹಳೆಯ ಗಾದಿ. ಸುತ್ತಲಿನ ಹಳ್ಳಿಗಳ ಭಜನೆಯವರು ಬಂದು ಹಾಡಿ ಹೋಗುತ್ತಿದ್ದರು. ಮದುವೆ ಮನೆಯವರಿಗೆ, ಕೂಸಿಗೆ ಹೆಸರಿಡುವ ತೊಟ್ಟಿಲ ಕಾರ್ಯದವರಿಗೆ ಅವನು ಹಾಡು ಮಾಡಿಕೊಡುತ್ತಿದ್ದ. ನಮ್ಮದು ತುರ್ವಿಹಾಳದ ಭಜನೆಯ ಮನೆ. ಅಪ್ಪ ಏಕತಾರಿ ಹಿಡಿದರೆ ಓಣಿಯೇ ಬಂದು ಕೂರುತ್ತಿತ್ತು. ನನಗೂ ಶರಣುವಿಗೂ ಹಾಡು ಅಲ್ಲಿಂದಲೇ ಬಂತು. ಅವನಿಗೆ ಕಿವಿ ಹೆಚ್ಚು, ನನಗೆ ಕಂಠ ಹೆಚ್ಚು ಎಂದು ಅವ್ವ ಹೇಳುತ್ತಿದ್ದಳು.

ನಾನು ಜಾತಿ ಬಿಟ್ಟು ಮದುವೆಯಾದವಳು. ನನ್ನ ಗಂಡ ಮಿಲಿಂದ ನಮ್ಮ ಕಾಲೇಜಿನಲ್ಲೇ ಅರ್ಥಶಾಸ್ತ್ರ ಕಲಿಸುತ್ತಾರೆ. ಅವರದು ಬೌದ್ಧರ ಮನೆ, ನಡುಮನೆಯಲ್ಲಿ ಬುದ್ಧನ ಚಿತ್ರವಿದೆ. ಅವರ ತಾತನ ಕಾಲಕ್ಕೆ ನಮ್ಮಂಥವರ ಓಣಿಯ ಬಾವಿಯಲ್ಲಿ ಅವರ ಮನೆಯವರು ನೀರು ಸೇದುವ ಹಾಗಿರಲಿಲ್ಲ. ಮದುವೆಯಾದ ಮೇಲೆ ಅಪ್ಪ ತೀರಿಹೋಗುವ ತನಕ ನನ್ನ ಜೊತೆ ಮಾತಾಡಲಿಲ್ಲ. ಅವ್ವ ಫೋನಿನಲ್ಲಿ ಮಾತಾಡುತ್ತಿದ್ದಳು, ಮನೆಗೆ ಬರುತ್ತಿರಲಿಲ್ಲ. ಶರಣು ಒಬ್ಬನೇ ಬರುತ್ತಿದ್ದವನು. ಬಂದವನು ಬೂಟು ಬಿಡುವ ಮೊದಲೇ, "ಮಾಮಾ, ಹಸಿವಿ ಆಗೈತ್ರೀ, ಮೊದಲ ರೊಟ್ಟಿ ಕೊಡ್ರಿ, ಆಮ್ಯಾಗ ನಮ್ಮಕ್ಕನ ಸುದ್ದಿ ಕೇಳೋಣು" ಎಂದು ಒಲೆಯ ಹತ್ತಿರವೇ ಕೂರುತ್ತಿದ್ದ. ನಮ್ಮ ಕಡೆಯವರು ಅಂತ ನಾನು ಹೇಳಿಕೊಳ್ಳುವುದೆಲ್ಲ ಅವನೇ ಆಗಿದ್ದ.

ಅವನು ಹೊಸ ಸಾಫ್ಟ್‌ವೇರಿನ ಮಾತು ತೆಗೆದದ್ದು ಹೀಗೆ ಊಟಕ್ಕೆ ಕುಳಿತಾಗಲೇ.

"ಅಕ್ಕಾ, ನಿನ್ನ ಆವಾಜ ಒಂದು ಮಷೀನಿಗಿ ಕಲಿಸಬೇಕು."

"ಗಿಣಿಗಿ ಕಲಿಸಿದಂಗೇನು?"

"ಗಿಣಿ ಇದಕ್ಕಿಂತ ಪಾಡು. ಅದು ತನ್ನ ಆವಾಜಿನ್ಯಾಗ ನಮ್ಮ ಮಾತು ಹೇಳತೈತಿ. ಇದು ನಿನ್ನ ಆವಾಜಿನ್ಯಾಗ ಯಾರ ಮಾತು ಬೇಕಾದ್ರೂ ಹೇಳತೈತಿ."

ಮಿಲಿಂದ ನಕ್ಕರು. "ಮನ್ಯಾಗ ಒಂದು ಆವಾಜಿಗೇ ನಾ ಪರೇಶಾನ ಆಗೀನಿ, ಇನ್ನೊಂದು ಮಾಡ್ತೀಯೇನೋ ಮಾರಾಯ?"

ಶರಣುವಿನ ಲೆಕ್ಕಾಚಾರ ಸರಿಯಾಗಿತ್ತು. ತೊಟ್ಟಿಲ ಹಾಡು ಬೇಕೆಂದು ಬಂದವರೆಲ್ಲ ತಮ್ಮ ಕೂಸಿನ ಹೆಸರು ಹಾಡಿನೊಳಗೆ ಬರಬೇಕು ಎನ್ನುತ್ತಿದ್ದರು. ಪ್ರತಿ ಹೆಸರಿಗೂ ಹಾಡುವವಳನ್ನು ಕರೆಸುವುದು ಆಗದ ಮಾತು. ನನ್ನ ದನಿಯನ್ನು ಒಮ್ಮೆ ಯಂತ್ರಕ್ಕೆ ಹಿಡಿಸಿಬಿಟ್ಟರೆ ಅವನು ಪರದೆಯ ಮೇಲೆ ಸ್ವರ ಜೋಡಿಸಿ, ಕೆಳಗೆ ಮಾತು ಬರೆದರೆ ಸಾಕು, ಅದು ಹಾಡುತ್ತದೆ. ನನಗೆ ಅದರಲ್ಲಿ ಹಿಂಜರಿಯುವಂಥದು ಏನೂ ಕಾಣಲಿಲ್ಲ. ತಮ್ಮನಿಗೆ ಆಗುವ ಕೆಲಸ. ಗೊತ್ತಿಲ್ಲದ ಊರಿನ ಕೂಸುಗಳಿಗೆ ನಾನು ಜೋಗುಳ ಹಾಡುತ್ತೇನೆ ಎಂಬುದು ಒಳಗೊಳಗೆ ಹಿತವಾಗಿಯೂ ಇತ್ತು.

ಹೊಲಗಳಲ್ಲಿ ನಾಟಿ ನಡೆದಿತ್ತು. ಬಸ್ಸಿನಿಂದ ನೋಡಿದರೆ ಎರಡೂ ಕಡೆ ಕೆಸರುಗದ್ದೆ, ಬಗ್ಗಿದ ಬೆನ್ನುಗಳ ಸಾಲು. ಸ್ಟುಡಿಯೊದಲ್ಲಿ ಸದ್ದಾಗುತ್ತದೆಂದು ಫ್ಯಾನು ಬಂದ್, ಕಿಟಕಿ ಬಂದ್. ಬೇಯುವ ನೆಲ್ಲಿನ ವಾಸನೆ ಅದು ಹೇಗೋ ಒಳಗೆ ಬಂದು ಗೋಣಿತಟ್ಟಿನಲ್ಲಿ ಕೂತುಬಿಡುತ್ತಿತ್ತು. ನಾನು ಬೆವರು ಒರೆಸಿಕೊಳ್ಳುತ್ತ ಕ ಕಾ ಕಿ ಕೀ ಎಂದು ಪೂರಾ ಕಾಗುಣಿತವನ್ನು ತಗ್ಗಿನ ಸ್ವರದಿಂದ ಮೇಲಿನ ಸ್ವರದ ತನಕ ಹಾಡಬೇಕು. ಆಮೇಲೆ ಗೊತ್ತಿದ್ದ ಪದಗಳನ್ನೆಲ್ಲ ತಂಬೂರಿಯಿಲ್ಲದೆ, ತಾಳವಿಲ್ಲದೆ ಹಾಡಬೇಕು. ಕೆಳಗೆ ಟ್ರ್ಯಾಕ್ಟರು ಬಂದರೆ ಮತ್ತೆ ಮೊದಲಿಂದ. ಶುರುವಿನಲ್ಲಿ ಯಂತ್ರ ಜೋಗುಳ ಎನ್ನಬೇಕಾದಲ್ಲಿ ಜೋಗುಲ ಎನ್ನುತ್ತಿತ್ತು. "ಇಂಗ್ಲಿಷ್ ಸಾಲ್ಯಾಗ ಓದ್ಯಾಳಕ್ಕಾ ಇಕಿ, ಜರಾ ಸಂಭಾಳಸ್ಕೋ" ಎಂದು ಶರಣು ಅದರ ಪರವಾಗಿ ಕ್ಷಮೆ ಕೇಳುತ್ತಿದ್ದ. ನಾವಿಬ್ಬರೂ ಅದನ್ನು 'ಇಕಿ' ಎನ್ನತೊಡಗಿದ್ದು ಆಗಲೇ ಇರಬೇಕು.

ಮೊದಲ ಸಲ ಪೂರಾ ಒಂದು ಹಾಡು ಕೇಳಿಸಿದಾಗ ನನಗೆ ನಗು ಬಂತು. ಸ್ವರ ಎಲ್ಲ ಸರಿಯಿದ್ದವು, ಆದರೆ ನಿಲ್ದಾಣದಲ್ಲಿ ರೈಲು ಬರುವುದನ್ನು ಹೇಳುವ ಹೆಂಗಸು ಜೋಗುಳ ಹಾಡಿದಂತಿತ್ತು.

"ಇಕಿ ಉಸುರ ತಗೊಳ್ಳಂಗಿಲ್ಲಲ್ಲೋ," ಅಂದೆ.

ಶರಣು ಹಣೆ ಬಡಿದುಕೊಂಡ. ಮುಂದಿನ ಭಾನುವಾರ ನನ್ನ ಉಸಿರನ್ನೇ ರೆಕಾರ್ಡು ಮಾಡಿದ. ನಗು, ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದು, ಸುಮ್ಮನೆ ಮಾತಾಡುವುದು ಎಲ್ಲ ಬೇಕೆಂದ. ಮೇಲಿನ ಸ್ವರಕ್ಕೆ ಏರುವ ಮೊದಲು ನನಗೆ ಚಿಕ್ಕಂದಿನಿಂದಲೂ ಮೂಗಿನಲ್ಲಿ ಗೀರಿದಂಥ ಒಂದು ಸಣ್ಣ ಸದ್ದಾಗುತ್ತದೆ. ಅದಕ್ಕಾಗಿ ಅಪ್ಪನಿಂದ ಬೈಸಿಕೊಂಡಿದ್ದೇನೆ. ಶರಣು ಆ ಗೀರನ್ನು ಮುತ್ತಿನ ಹಾಗೆ ಆರಿಸಿ ಇಟ್ಟುಕೊಂಡ. ಸ್ವರಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದ. ಸಾಲಿನ ಕೊನೆಗೆ ದನಿ ಸ್ವಲ್ಪ ಸೋಲುವಂತೆ ಮಾಡಿದ. ಆಮೇಲೆ ಕೇಳಿದಾಗ ನನ್ನ ಕುತ್ತಿಗೆಯ ಹಿಂದೆ ಯಾರೋ ನಿಂತಂತಾಯಿತು.

ಹಾಡು ಅವ್ವ ಕಟ್ಟಿದ್ದು. ನಮ್ಮನ್ನು ತೂಗುವಾಗ ತಾನೇ ಜೋಡಿಸಿಕೊಂಡ ಸಾಲುಗಳು:

ಕಾಲುವಿ ನೀರ ಬಂತ ಕಂದಾ, ಹೊಲ ಹಸರಾತ,
ತೊಟ್ಟಿಲ ಕಟ್ಟ್ಯಾಳ ಅತ್ತಿ, ಹೆಸರ ಕರದಾಳ.

ಈ ಸಾಲಿನ ನಂತರ ಕೂಸಿನ ಹೆಸರು ಬರಬೇಕು. ಯಂತ್ರಕ್ಕೆ ಅಭ್ಯಾಸವಾಗಲೆಂದು ನಾನು ನೂರಾರು ಹೆಸರು ಹಾಡಿದೆ. ಶರಣುವಿನ ಹೆಂಡತಿ ಗಿರಿಜಾ ಆಗ ಬಸುರಿ, ಚೊಚ್ಚಲ ಬಾಣಂತನಕ್ಕೆ ಲಿಂಗಸುಗೂರಿನ ತವರಿಗೆ ಹೋಗಿದ್ದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ತಂದೆಯ ಅಕ್ಕನೋ ತಂಗಿಯೋ ಇದ್ದರೆ ಬೇರೆಯವರು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಶರಣುವಿಗೆ ಇರುವವಳು ನಾನೊಬ್ಬಳೇ.

"ಹೆಣ್ಣಾದ್ರ ಏನ್ ಹೆಸರಿಡ್ತಿ?" ಎಂದು ಕೇಳಿದ.

"ತುಂಗಾ."

"ಹಳೀ ಹೆಸರಾತಲ್ಲಕ್ಕಾ. ಅವ್ರ ಮನ್ಯಾಗ ಆದ್ಯಾ, ಗೀದ್ಯಾ ಅನ್ನಾಕತ್ತಾರ."

"ಅತ್ತಿ ನಾನೋ ಅವ್ರೋ?"

"ನೀನ ಬಿಡವ್ವಾ, ತುಂಗಾನ ಹಾಡು," ಎಂದು ಅವನು ಮೈಕು ತೆರೆದ.

ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಅಥವಾ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ.

ಸುಗ್ಗಿಯ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ರಸ್ತೆಯ ಅರ್ಧದಷ್ಟು ನೆಲ್ಲು ಹರವಿದ್ದರು, ಬಸ್ಸು ಅದನ್ನು ತಪ್ಪಿಸಿಕೊಂಡು ವಾಲುತ್ತ ಹೋಗುತ್ತಿತ್ತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನಾನು ಕೂಸನ್ನು ಎತ್ತಿಕೊಂಡೆ. ಹಣೆ ನಮ್ಮಪ್ಪನದು. ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದೆ, ಗಿರಿಜಾಳ ತಾಯಿ, "ಕೂಸಿಗಿ ಥಂಡಿ ಆಗತೈತ್ರೀ, ಕೊಡ್ರಿ ಇಲ್ಲೆ" ಎಂದು ತೆಗೆದುಕೊಂಡರು. ಮಾತು ಮೆತ್ತಗೇ ಇತ್ತು. ಅವರದು ಬಟ್ಟೆ ವ್ಯಾಪಾರದ ಮನೆ, ಊರಲ್ಲಿ ನಾಲ್ಕು ಜನ ಅವರ ಮಾತು ಕೇಳುತ್ತಾರೆ. ನಾನು ಅದರಲ್ಲಿ ಬೇರೆ ಏನನ್ನೂ ಹುಡುಕಲಿಲ್ಲ. ಮನೆಗೆ ಬಂದು ಕುಂಚಿಗೆ ಹೊಲಿಯಲು ಕುಳಿತೆ. ಕೂಸಿನ ತಲೆ, ಬೆನ್ನು ಮುಚ್ಚುವ ಆ ಟೊಪ್ಪಿಗೆಯನ್ನು ತೊಟ್ಟಿಲ ಕಾರ್ಯಕ್ಕೆ ಸೋದರತ್ತೆಯೇ ತರಬೇಕು. ಖಣದ ಬಟ್ಟೆ, ಅಂಚಿಗೆ ಹಸಿರು ಪಟ್ಟಿ. ನನಗೆ ಹೊಲಿಗೆ ಬಾರದು, ಎರಡು ಸಲ ಬಿಚ್ಚಿ ಹೊಲಿದೆ.

ಶರಣು ಫೋನು ಮಾಡಿದ. "ಅಕ್ಕಾ, ಕೂಸಿಗಿ ಜರಾ ಆರಾಮಿಲ್ಲ. ಡಾಕ್ಟ್ರು ಮಂದಿ ಕೂಡಸಬ್ಯಾಡ್ರಿ ಅಂದಾರ. ತೊಟ್ಲ ಕಾರ್ಯ ಮುಂದ ಹಾಕೀವಿ. ಸಿಂಧನೂರಿಗಿ ಬಂದ ಮ್ಯಾಲ ಮಾಡೋಣು, ನೀನ ನಿಂತು ಮಾಡುವಂತಿ."

"ಜ್ವರಾ ಏನು?"

"ಏನಿಲ್ಲ, ಥಂಡಿ. ನೀ ಚಿಂತಿ ಮಾಡಬ್ಯಾಡ."

ನಾನು ಚಿಂತೆ ಮಾಡಿದೆ. ಎರಡು ದಿನ ಬಿಟ್ಟು ಕೇಳಿದರೆ ಆರಾಮಾಗೈತಿ ಎಂದ.

ಆ ವಾರವೋ ಮುಂದಿನ ವಾರವೋ, ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದೆ. ಗ್ರಂಥಪಾಲಕಿ ಶಾಂತಾ ಲಿಂಗಸುಗೂರಿನವರು, ಗಿರಿಜಾಳ ತವರಿನ ಓಣಿಯವರೇ. ನನ್ನನ್ನು ನೋಡಿದ್ದೇ ಪುಸ್ತಕಕ್ಕೆ ಹೊಡೆಯುತ್ತಿದ್ದ ಠಸ್ಸೆ ಕೆಳಗಿಟ್ಟರು.

"ಏನ್ ಛಂದ ಹಾಡಿದ್ರೀ ಮೇಡಮ್! ನಮ್ಮತ್ತಿ ಅಳಾಕ ಹತ್ತಿದ್ರು. ಆದ್ರ ಹಾಡಿ ಎಲ್ಲಿ ಹ್ವಾದ್ರಿ? ಊಟದ ಪಂಕ್ತಿನ್ಯಾಗ ಎಲ್ಲಾ ಕಡೀಗಿ ಹುಡುಕಿದ್ನಿ."

"ಎಲ್ಲಿ ಹಾಡಿದ್ನಿ?"

"ಎಲ್ಲಿ ಅಂತಾರ ನೋಡ್ರಿ! ನಿಮ್ಮ ಸೊಸಿ ತೊಟ್ಲ ಕಾರ್ಯದಾಗ್ರೀ. ನಿಮ್ಮ ಆವಾಜ ನನಗ ಗೊತ್ತಾಗಂಗಿಲ್ಲೇನು? ಒಳಗ ನಿಂತು ಹಾಡಿರಬೇಕು ಅಂದ್ಕೊಂಡ್ನಿ."

ಅವರು ತಮ್ಮ ಮೊಬೈಲಿನಲ್ಲಿ ತೆಗೆದ ವಿಡಿಯೊ ತೋರಿಸಿದರು. ಹೂ ಸುತ್ತಿದ ತೊಟ್ಟಿಲು, ಬಣ್ಣದ ಸೀರೆಗಳು, ಬಾಳೆಕಂಬ. ಗಿರಿಜಾಳ ದೊಡ್ಡಪ್ಪನ ಮಗಳೊಬ್ಬಳು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದ್ದಾಳೆ. ತುಟಿ ಅಲ್ಲಾಡುವುದಿಲ್ಲ. ತೊಟ್ಟಿಲ ಕೆಳಗೆ, ಕೆಂಪು ವಸ್ತ್ರ ಮುಚ್ಚಿದ ಏನೋ ಒಂದರೊಳಗಿಂದ ನಾನು ಮೆಲ್ಲಗೆ 'ತುಂಗಾ' ಎನ್ನುತ್ತೇನೆ. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಹೆಂಗಸರೆಲ್ಲ ಕೂಗುತ್ತ ನಗುತ್ತ ಆ ಹುಡುಗಿಯ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಹಾಡು. ಕಾಲುವಿ ನೀರ ಬಂತ ಕಂದಾ. ಮೇಲಿನ ಸ್ವರಕ್ಕೆ ಏರುವ ಮೊದಲು, ಅದೇ ಜಾಗದಲ್ಲಿ, ಮೂಗಿನ ಆ ಗೀರು.

ನನಗೆ ಗಂಟಲು ಸ್ವಲ್ಪ ಸರಿಯಿರಲಿಲ್ಲ, ಊಟಕ್ಕೆ ನಿಲ್ಲಲಿಲ್ಲ ಎಂದು ಶಾಂತಾರಿಗೆ ಹೇಳಿದೆ. ಹಾಗೆ ಯಾಕೆ ಹೇಳಿದೆ ಎಂದು ಈಗಲೂ ಯೋಚಿಸುತ್ತೇನೆ. ತಮ್ಮನ ಮಾನ ಕಾಯಲಿಕ್ಕೋ, ನನ್ನದನ್ನೋ.

ಆ ವಿಡಿಯೊ ತರಿಸಿಕೊಂಡು ಮಿಲಿಂದರಿಗೆ ತೋರಿಸಿದೆ. ಅವರು ಪೂರಾ ನೋಡಿದರು. "ಭಾರಿ ಮಾಡ್ಯಾನ ನಿಮ್ಮ ತಮ್ಮ," ಎಂದರು. ಮೊಬೈಲನ್ನು ನನಗೆ ಕೊಡುತ್ತ, "ನನಗ ಹಾಡಾಕ ಬರಂಗಿಲ್ಲ, ಬಚಾವಾದ್ನಿ." ನನ್ನನ್ನು ನಗಿಸಲೆಂದು ಹೇಳಿದರು. ಆಮೇಲೆ ನಾನು ಹೊಲಿದ ಕುಂಚಿಗೆಯನ್ನು ಮಡಚಿ ಕಪಾಟಿನಲ್ಲಿಟ್ಟರು.

ಮರುದಿನ ನಾನು ರಜೆ ಹಾಕಿ ಸಿಂಧನೂರಿಗೆ ಹೋದೆ. ಶರಣು ಒಬ್ಬನೇ ಇದ್ದ. ನನ್ನ ಮುಖ ನೋಡಿದ್ದೇ ಅವನಿಗೆ ತಿಳಿಯಿತು.

"ಕುಂಡ್ರಕ್ಕಾ."

"ಕುಂಡ್ರಾಕ ಬಂದಿಲ್ಲ. ಕೂಸಿಗಿ ಆರಾಮಿಲ್ಲಂತ ಸುಳ್ಳು ಹೇಳಿದೆಲ್ಲೋ. ಆ ಕೂಸಿನ ಹೆಸರಿಲೆ ಸುಳ್ಳು ಹೇಳಿದಿ."

"ಮತ್ತೇನ್ ಹೇಳ್ಲಿ? ಬರಬ್ಯಾಡ ಅಂತ ನಿನಗ ಹೇಳಾಕ ನನಗ ಬಾಯಿ ಬರ್ತದೇನು?" ಅವನ ದನಿ ಏರಿತು. "ನಾ ಜಗಳಾಡೀನಿ ಅಕ್ಕಾ, ಅವ್ವನ ಆಣಿ. ಮಾವ ಅಂದ್ರು, ಅಕಿ ಬಂದು ತೊಟ್ಲ ಮುಟ್ಟಿದ್ರ ನಮ್ಮ ಮಂದಿ ಊಟಕ್ಕ ಕುಂಡ್ರಂಗಿಲ್ಲಪ್ಪಾ ಅಂತ. ಗಿರಿಜಾ ಹಸೀ ಬಾಣಂತಿ, ಅಳಾಕತ್ತಿದ್ಲು. ಬ್ಯಾರೆಯಾಕಿ ಹಾಡ್ತಾಳ ಅಂದ್ರ ನಾ ಒಪ್ಪಲಿಲ್ಲ. ನಮ್ಮಕ್ಕನ ಆವಾಜ ಇಲ್ದ ನನ್ನ ಮಗಳ ತೊಟ್ಲ ತೂಗಂಗಿಲ್ಲ ಅಂದ್ನಿ. ಹೆಸರೂ ನೀ ಹೇಳಿದ್ದ ಇಟ್ಟೀನಿ. ಅವ್ರು ಆದ್ಯಾ ಅಂತ ಹಟ ಹಿಡಿದಿದ್ರು."

"ನನ್ನ ಆವಾಜಿಗಿ ಅವ್ರು ಊಟ ಬಿಟ್ಟು ಎದ್ದೇಳಲಿಲ್ಲ?"

ಅವನು ನೆಲ ನೋಡಿದ. "ಮನಿಯವ್ರಿಗಿ ಮಷೀನ್ ಅಂತ ಹೇಳಿದ್ನಿ. ಓಣಿಯವ್ರು ಯಾರೂ ಕೇಳಲಿಲ್ಲ."

ಅವನು ಅತ್ತಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಅವನು ಅಳಲಿಲ್ಲ. ಆ ಹಾಡಿಗೆ ಎಷ್ಟು ಕಷ್ಟಪಟ್ಟೆ ಎಂದು ಹೇಳತೊಡಗಿದ. ಬೇರೆ ಗಿರಾಕಿಗಳಿಗೆ ಮಾಡಿದಂತಲ್ಲ, ಒಂದೊಂದು ಉಸಿರನ್ನೂ ಕೈಯಿಂದ ಕೂರಿಸಿದ್ದೇನೆ, ಕೂಸಿನ ಕಿವಿಯಲ್ಲಿ ಹೇಳುವಾಗ ನಿನ್ನ ದನಿ ಹೇಗೆ ತಗ್ಗುತ್ತದೆ ಎಂದು ನೆನಪು ಮಾಡಿಕೊಂಡು ಮಾಡಿದ್ದೇನೆ ಎಂದ. ಹೇಳುವಾಗ ಅವನ ಕಣ್ಣಲ್ಲಿ ಹೆಮ್ಮೆಯಿತ್ತು. ಅಲ್ಲಿ ನಿಂತಿದ್ದ ನನಗೆ, ನನ್ನನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಇವನು ಎಷ್ಟು ಜೋಪಾನ ಮಾಡಿದ್ದಾನೆ ಅನ್ನಿಸಿತು.

"ಮತ್ತ ನಾ ನಿನ್ನ ಕೇಳೀನಿ," ಎಂದ ಕೊನೆಗೆ. "ನೀ ಹೂಂ ಅಂದಿ."

"ಯಾವಾಗ?"

"ತುಂಗಾ ಅಂತ ಹಾಡಿದ ದಿನ. ಮೈಕು ಚಾಲೂ ಇತ್ತು. ಕೇಳು ಬೇಕಾದ್ರ."

ಅವನು ಒಂದೊಂದೇ ಫೈಲು ತೆರೆದು ಹುಡುಕಿದ. ಸ್ಪೀಕರಿನಿಂದ ಮೊದಲು ಟ್ರ್ಯಾಕ್ಟರಿನ ಸದ್ದು. ಆಮೇಲೆ ಶರಣುವಿನ ದನಿ, ನಮ್ಮ ಕೂಸಿಗೂ ಇದನ್ನ ಹಾಕಲೇನಕ್ಕಾ ಎಂದು. ಆಮೇಲೆ ನಗು, ನನ್ನ ನಗು. "ಹಾಕಪ್ಪಾ, ನಂದ ಸೊಸಿ ಅಲ್ಲೇನು? ನನಗ ಬರಾಕ ಆಗಲಿಲ್ಲಂದ್ರ ಇಕಿನ್ನ ಹಾಡಸು."

ನಾನು ಹಾಗೆ ಅಂದಿರಬಹುದು. ಚೇಷ್ಟೆಗೆ ಅನ್ನುವಂಥ ಮಾತೇ ಅದು, ನನ್ನ ಮಾತಿನ ಧಾಟಿಯೇ. ಆದರೆ ಅಂದ ನೆನಪು ನನಗಿಲ್ಲ. ಆ ಮಾತು ಇನ್ನೊಮ್ಮೆ ಹಾಕಿಸಿ ಕೇಳಿದೆ. ನಗು ನನ್ನದು, ಆದರೆ ನನ್ನ ನಗು ಅವನ ಹತ್ತಿರ ಬೇಕಾದಷ್ಟಿತ್ತು. ಮಾತಿನ ನಡುವೆ ಉಸಿರಿತ್ತು, ಉಸಿರೂ ಅವನ ಹತ್ತಿರ ಇತ್ತು. ಆ ದನಿಯ ಒಳಗೆ ನನ್ನನ್ನು ಹುಡುಕುತ್ತ ಹೋದಷ್ಟೂ ಇದು ನಾನು ಎನ್ನಲೂ ಆಗಲಿಲ್ಲ, ನಾನಲ್ಲ ಎನ್ನಲೂ ಆಗಲಿಲ್ಲ.

"ಖರೇ ಹೇಳು ಶರಣೂ. ಇದು ನಾನೋ, ಇಕಿಯೋ?"

"ಅಕ್ಕಾ!" ಅವನು ಕುರ್ಚಿಯಿಂದ ಎದ್ದ. "ನಾ ಹಂಗ ಮಾಡ್ತೀನೇನು ನಿನಗ?"

ಅವನ ಮುಖ ಬಿಳಿಚಿತ್ತು. ನಿಜವಾಗಿ ನೊಂದವನ ಮುಖವೋ ಸಿಕ್ಕಿಬಿದ್ದವನ ಮುಖವೋ ನನಗೆ ತಿಳಿಯಲಿಲ್ಲ. ಹುಟ್ಟಿದ ದಿನದಿಂದ ನೋಡಿದ ಮುಖ ಅದು. ಜ್ವರ ಬಂದಾಗ, ಪರೀಕ್ಷೆಯಲ್ಲಿ ಫೇಲಾದಾಗ, ಅಪ್ಪನ ಹೆಣದ ಮುಂದೆ ಕುಳಿತಾಗ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಆ ದಿನ ಮಾತ್ರ ಓದಲು ಬರಲಿಲ್ಲ. ನನ್ನ ದನಿಯ ಫೈಲುಗಳನ್ನೆಲ್ಲ ಅಳಿಸು ಎಂದೆ. ಅಳಿಸುತ್ತೇನೆ ಎಂದ, ಕೆಲವು ದಿನಗಳ ಮೇಲೆ ಅಳಿಸಿದೆ ಎಂದೂ ಹೇಳಿ ಕಳಿಸಿದ. ಅದನ್ನು ಹೇಗೆ ಪರೀಕ್ಷಿಸುವುದು ನನಗೆ ಗೊತ್ತಿಲ್ಲ. ಈಗಲೂ ತೊಟ್ಟಿಲ ಕಾರ್ಯದ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಹಾಡು ಕೇಳಿದರೆ ಕಾಲು ಜೋರಾಗಿ ಹಾಕುತ್ತೇನೆ.

ಸುಗ್ಗಿ ಮುಗಿದು, ರಸ್ತೆಗಳ ಮೇಲಿನ ನೆಲ್ಲೆಲ್ಲ ಚೀಲ ಸೇರಿದ ಮೇಲೆ ಒಂದು ದಿನ ಅವ್ವ ನಮ್ಮ ಮನೆಗೆ ಬಂದಳು. ನನ್ನ ಮದುವೆಯಾದಂದಿನಿಂದ ಅದೇ ಮೊದಲು. ಒಬ್ಬಳೇ, ಬಸ್ಸಿನಲ್ಲಿ, ಓಣಿಯಲ್ಲಿ ಕೇಳಿಕೊಂಡು ಬಂದಿದ್ದಳು. ಶರಣು ಕಳಿಸಿದನೋ ತಾನೇ ಬಂದಳೋ ಹೇಳಲಿಲ್ಲ. ಚೀಲದಿಂದ ಕರಚಿಕಾಯಿಯ ಡಬ್ಬಿ ತೆಗೆದು ಕೊಟ್ಟಳು. ಬುದ್ಧನ ಚಿತ್ರವನ್ನು ನೋಡಿ, "ನಿದ್ದಿ ಬಂದಂಗ ಕುಂತಾನಲ್ಲವ್ವ, ಶಾಂತ ಅದಾನ" ಎಂದಳು. ಮಿಲಿಂದ ತಾಟು ಇಟ್ಟರು. ಅವ್ವ ಅವರ ಕೈಯ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಎಲ್ಲರ ಮನೆಯಲ್ಲಿ ಉಣ್ಣುವಂತೆ ಉಂಡಳು. "ನಿಮ್ಮೀ, ಪಲ್ಲೆಕ ಉಪ್ಪು ಕಡಿಮಿ ಹಾಕ್ತಿ ನೀ ಮೊದಲಿಂದೂ" ಎಂದು ನನ್ನನ್ನು ಮನೆಯ ಹೆಸರು ಹಿಡಿದು ಬೈದಳು. ಆ ದಿನಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಆದರೂ ನನಗೆ ಅದರ ರುಚಿ ಹತ್ತಲಿಲ್ಲ.

ಮಿಲಿಂದ ಹೊರಗೆ ಹೋದ ಮೇಲೆ, ನಾನು ಕೇಳುವ ಮೊದಲೇ ಅವಳೇ ಹೇಳಿದಳು. "ನಾ ತೊಟ್ಲ ಹತ್ರ ಇದ್ದಿಲ್ಲವ್ವಾ. ಗಂಡ ಸತ್ತಾಕಿ, ಮುತ್ತೈದೇರ ನಡುವ ಯಾಕಂತ ಒಳಗಿನ ಖೋಲ್ಯಾಗ ಕುಂತಿದ್ನಿ."

ಸ್ಟುಡಿಯೊದಲ್ಲಿ ಶರಣು ಹೇಳಿದ್ದು ಆಗ ನನಗೆ ನೆನಪಾಯಿತು. ಮನೆಯವರಿಗೆ ಯಂತ್ರ ಎಂದು ಹೇಳಿದ್ದೆ ಅಂದಿದ್ದ. ಆ ಮನೆಯವರಲ್ಲಿ ಅವ್ವ ಸೇರಿದ್ದಳೇ ಎಂದು ಕೇಳಲು ಅವತ್ತು ನನಗೆ ಹೊಳೆದಿರಲಿಲ್ಲ. ಅವಳಿಗೆ ಮೊದಲೇ ಗೊತ್ತಿದ್ದರೆ, ಹೊರಗೆ ನನ್ನ ದನಿ ಕೇಳಿದಾಗ ಅವಳು ಕುಳಿತಲ್ಲೇ ಕುಳಿತಿರುತ್ತಾಳೆ. ಗೊತ್ತಿರದಿದ್ದರೆ ಮಗಳು ಬಂದಳೆಂದು ಎದ್ದಿರುತ್ತಾಳೆ. ಶಾಂತಾರ ವಿಡಿಯೊದಲ್ಲಿ ಒಳಕೋಣೆಯ ಬಾಗಿಲು ಕಾಣುವುದಿಲ್ಲ. ನಾನು ಎಷ್ಟೋ ಸಲ ನೋಡಿದ್ದೇನೆ.

ಅವಳ ಎದುರು ಕುಳಿತು ಕೇಳಿದೆ. ಅವಳು ತಾಟಿನಲ್ಲಿ ಉಳಿದಿದ್ದ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಕೂಡಿಸುತ್ತ ಇದ್ದಳು. ಸಂಜೆಯ ಬಸ್ಸಿಗೆ ಹೋದಳು. ಅಲ್ಲಿಂದೀಚೆಗೆ ನಾವು ಎಷ್ಟೋ ಸಲ ಭೇಟಿಯಾಗಿದ್ದೇವೆ, ಎಷ್ಟೋ ಮಾತಾಡಿದ್ದೇವೆ, ಇದೊಂದರ ಹೊರತು. ಕಳೆದ ವಾರವೂ ಮತ್ತೆ ಅದನ್ನೇ ಕೇಳಿದೆ.

"ಅವ್ವಾ, ಒಳಗ ಕುಂತಾಗ ಹೊರಗ ನನ್ನ ದನಿ ಕೇಳಿತಲ್ಲ, ನಿಮ್ಮಿ ಬಂದಾಳಂತ ನೀ ಎದ್ದು ಬಂದು ನೋಡಿದೇನು?"